ಧರೆ ಕಡಿದಾಗ ಸಿಕ್ಕಿದ ಪುಡಿಗಲ್ಲು ಮಣ್ಣಾಗುತ್ತದಾ? ಉಳಿದ ಮಣ್ಣನ್ನು ಹಿಡಿದಿಡುವುದು ಹೇಗೆ?

ಯಸಳೂರು ತೋಟ, ಜುಲೈ 9

ಎಲ್ಲರಿಗೂ ನಮಸ್ಕಾರ. ಸಕಲೇಶಪುರ ತಾಲ್ಲೂಕಿನ ಯಸಳೂರು ಕಡೆ ನಮ್ಮದು ಮೂರೂವರೆ ಎಕರೆ ಕಾಫಿ ತೋಟ. ಅಪ್ಪ ತೀರಿಕೊಂಡ ಮೇಲೆ ಎರಡು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಅದಕ್ಕೂ ಮುಂಚೆ ಬೆಂಗಳೂರಿನಲ್ಲಿದ್ದೆ.

ಕಾಫಿ ಒಣಗಿಸಲು ಕಣ ಸಾಲುತ್ತಿರಲಿಲ್ಲ. ಜನವರಿಯಲ್ಲಿ ಮನೆ ಹಿಂದಿನ ಇಳಿಜಾರನ್ನು ಜೆಸಿಬಿಯಲ್ಲಿ ಕಡಿಸಿದೆ. ಮೇಲ್ಮಣ್ಣನ್ನು ಬೇರೆ ರಾಶಿ ಹಾಕಿ ಅಂತ ಹೇಳಬೇಕು ಅನ್ನುವುದೇ ನನಗೆ ತಿಳಿದಿರಲಿಲ್ಲ. ಯಂತ್ರ ನಡೆಸಿದವರೂ ಕೇಳಲಿಲ್ಲ. ಎಲ್ಲವನ್ನೂ ಕಲಸಿ ಹಳ್ಳದ ಕಡೆಗೆ ನೂಕಿಬಿಟ್ಟರು. ಈಗ ಕಣದ ಹಿಂದೆ 12 ಅಡಿ ಎತ್ತರದ ಧರೆ, ಅಂದರೆ ಕಡಿದ ಮಣ್ಣಿನ ಗೋಡೆ, ನಿಂತಿದೆ.

ಆ ಧರೆಯನ್ನು ದಿನಾ ನೋಡುತ್ತೇನೆ. ಮೇಲೆ ಒಂದು ಗೇಣು ಕಪ್ಪು ಮಣ್ಣು, ಬೇರು ತುಂಬಿದೆ. ಅದರ ಕೆಳಗೆ ನಾಲ್ಕೈದು ಅಡಿ ಕೆಂಪು ಮಣ್ಣು. ಅದಕ್ಕೂ ಕೆಳಗೆ ವಿಚಿತ್ರ. ನೋಡಿದರೆ ಕಲ್ಲು. ಬಿಳಿ ಗೆರೆ, ಕಂದು ಗೆರೆ ಎಲ್ಲ ಬಂಡೆಯಲ್ಲಿ ಇರುವ ಹಾಗೇ ಇವೆ. ಆದರೆ ಬೆರಳಲ್ಲಿ ಒತ್ತಿದರೆ ರವೆ ಉಂಡೆಯ ಹಾಗೆ ಪುಡಿಯಾಗುತ್ತದೆ. ಕಾಗೆಬಂಗಾರ ಮಿಣಮಿಣ ಅಂತ ಅಂಗೈಗೆ ಅಂಟುತ್ತದೆ. ನಡುನಡುವೆ ಕುಂಬಳಕಾಯಿ ಗಾತ್ರದ ಗುಂಡು ಕಲ್ಲುಗಳು ಸಿಕ್ಕಿಕೊಂಡಿವೆ. ಅವು ಮಾತ್ರ ಹಾರೆಗೂ ಜಗ್ಗುವುದಿಲ್ಲ.

ಆರಿದ್ರಾ ಮಳೆ ಹಿಡಿಯಿತು ನೋಡಿ, ಕಣದ ಕೆಳಗೆ ಎರಡು ವರ್ಷದ ಹಿಂದೆ ನೆಟ್ಟ 200 ಗಿಡಗಳ ಬುಡ ಕೊಚ್ಚಿಹೋಯಿತು. ಕೆಲವು ಬೇರು ಬಿಟ್ಟುಕೊಂಡು ನಿಂತಿವೆ. ಹಳ್ಳದ ನೀರು ಹೀಗೆ ಕೆಂಪಗೆ ಹರಿದದ್ದನ್ನು ತಾನು ಮದುವೆಯಾಗಿ ಬಂದ ಮೇಲೆ ನೋಡಿಯೇ ಇಲ್ಲ ಅಂತ ಅಮ್ಮ ಹೇಳಿದರು. ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ.

ಈ ಪುಡಿಗಲ್ಲನ್ನು ಹಾಗೇ ಬಿಟ್ಟರೆ ಮಣ್ಣಾಗುತ್ತದಾ? ಎಷ್ಟು ವರ್ಷ ಬೇಕು? ಇದನ್ನೇ ಗಿಡದ ಬುಡಕ್ಕೆ ತುಂಬಬಹುದಾ? ಇರುವ ಮಣ್ಣನ್ನು ಈ ಮಳೆಗಾಲ ದಾಟಿಸಲು ಏನು ಮಾಡಲಿ? ಗೊತ್ತಿದ್ದವರು ದಯವಿಟ್ಟು ಹೇಳಿ.

ಬಾಳೂರು ಮಲೆ, ಜುಲೈ 9

ಮೊದಲು ಬೇರು ಮುಚ್ಚಿ. ಮಿಕ್ಕಿದ್ದು ಆಮೇಲೆ. ಹಳ್ಳದ ಪಕ್ಕ ನೂಕಿದ ರಾಶಿಯಲ್ಲಿ ಕಪ್ಪು ಮಣ್ಣು ಸಿಕ್ಕಷ್ಟು ಬುಟ್ಟಿಯಲ್ಲಿ ಹೊತ್ತು ತಂದು ಬುಡಕ್ಕೆ ಹಾಕಿ, ಮೇಲೆ ದಪ್ಪಗೆ ದರಗು (ಉದುರಿದ ಒಣ ಎಲೆ) ಹೊದಿಸಿ. ದರಗು ಸಾಲದಿದ್ದರೆ ಮರಗಸಿ ಮಾಡಿದ (ನೆರಳಿನ ಮರದ ಕೊಂಬೆ ಸವರಿದ) ಸೊಪ್ಪು, ಕೊಚ್ಚಿದ ಕಳೆ, ಏನಾದರೂ ಸರಿ.

ಇನ್ನೊಂದು ಮಾತು. ಮಳೆಗಾಲ ಮುಗಿಯುವವರೆಗೆ ತೋಟದಲ್ಲಿ ಗುದ್ದಲಿ ಎತ್ತಬೇಡಿ. ಕಳೆನಾಶಕವಂತೂ ಬೇಡವೇ ಬೇಡ. ಕಳೆಯನ್ನು ನಾಲ್ಕು ಬೆರಳು ಎತ್ತರ ಬಿಟ್ಟು ಕತ್ತಿಯಲ್ಲಿ ಸವರಿ. ಬೇರು ಮಣ್ಣಲ್ಲೇ ಇರಲಿ. ಮಳೆ ಹಿಂದಾದ ಮೇಲೆ ಸಾಲುಗಳ ಮಧ್ಯೆ ತೊಟ್ಟಿಲು ಗುಂಡಿ ತೆಗೆಸಿ, ಹರಿದು ಬರುವ ನೀರು, ಮಣ್ಣು ಅದರಲ್ಲೇ ನಿಂತು ಇಂಗುತ್ತದೆ. ಇಳಿಜಾರಿಗೆ ಅಡ್ಡ ಇರಬೇಕು. ನಮ್ಮಲ್ಲಿ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದು ಅಡಿ ಆಳ ತೆಗೆಯುತ್ತೇವೆ. ಪುಡಿಗಲ್ಲಿನ ವಿಷಯ ನನಗೆ ಗೊತ್ತಿಲ್ಲ, ತಿಳಿದವರು ಹೇಳಲಿ.

ಗೊರೂರು ಮೇಷ್ಟ್ರು, ಜುಲೈ 10

ನಾನು 34 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವನು. ಈಗ ಹೇಮಾವತಿ ಹಿನ್ನೀರಿನ ಹತ್ತಿರ ಸ್ವಲ್ಪ ರಾಗಿ, ತೆಂಗು ಇದೆ. ನಿಮ್ಮ ಪ್ರಶ್ನೆ ಓದಿ ರಾತ್ರಿಯೇ ಬರೆಯಲು ಕೂತೆ. ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆಯಿಂದ ಓದಿ.

ಕಾಗೆಬಂಗಾರ ಅಂಗೈಗೆ ಅಂಟಿತು ಅಂದಿರಲ್ಲ, ಅಲ್ಲೇ ಉತ್ತರ ಇದೆ. ಹಾಸನ ಜಿಲ್ಲೆಯ ಬಹುಪಾಲು ನೆಲದ ಅಡಿಗೆ ಇರುವ ಬಂಡೆಗೆ ನೈಸ್ ಅಂತ ಹೆಸರು. ಬಿಳಿ ಕಪ್ಪು ಪಟ್ಟೆ ಇರುವ ಕಲ್ಲು. ನಮ್ಮ ಗೊರೂರಿನ ಸುತ್ತಲಿನ ನೈಸ್‌ಗೆ ಸುಮಾರು 330 ಕೋಟಿ ವರ್ಷ ಆಗಿದೆ ಎಂದು ಲೆಕ್ಕ ಹಾಕಿದ್ದಾರೆ. ಅದರಲ್ಲಿ ಮುಖ್ಯವಾಗಿ ಮೂರು ವಸ್ತು ಇವೆ. ಬೆಣಚು, ಫೆಲ್ಡ್‌ಸ್ಪಾರ್, ಕಾಗೆಬಂಗಾರ. ಮೂರೂ ಒಟ್ಟಿಗೆ ಹುಟ್ಟಿದವು, ಆದರೆ ಸಾಯುವುದು ಮಾತ್ರ ಬೇರೆಬೇರೆ ಹೊತ್ತಿಗೆ.

ಮಳೆನೀರು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಒಂದಿಷ್ಟು ಹುಳಿಯಾಗಿರುತ್ತದೆ. ಮಣ್ಣಿನೊಳಗೆ ಬೇರುಗಳು, ಸಣ್ಣ ಜೀವಿಗಳು ಉಸಿರಾಡುತ್ತವೆ. ಅಲ್ಲಿ ಇಳಿದ ನೀರು ಇನ್ನೂ ಹುಳಿಯಾಗುತ್ತದೆ. ಈ ಹುಳಿ ನೀರು ಫೆಲ್ಡ್‌ಸ್ಪಾರನ್ನು ನಿಧಾನವಾಗಿ ಕರಗಿಸುತ್ತದೆ. ಅದರಲ್ಲಿದ್ದ ಪೊಟ್ಯಾಷ್, ಸುಣ್ಣ, ಸೋಡಿಯಂ ನೀರಿಗೆ ಹೋಗುತ್ತವೆ. ಉಳಿಯುವುದು ಜೇಡಿ. ಕಪ್ಪು ಕಾಗೆಬಂಗಾರದಲ್ಲಿ ಕಬ್ಬಿಣ ಇದೆ. ಅದು ಗಾಳಿ ನೀರಿಗೆ ಸಿಕ್ಕಿ ತುಕ್ಕು ಹಿಡಿಯುತ್ತದೆ. ಹೊರಗೆ ಬಿಟ್ಟ ಹಾರೆಗೆ ಹಿಡಿಯುವ ತುಕ್ಕೇ ಅದು. ನಿಮ್ಮ ಕೆಂಪು ಮಣ್ಣಿನ ಕೆಂಪು ಬಂದದ್ದು ಅಲ್ಲಿಂದ. ಬೆಣಚು ಮಾತ್ರ ಯಾವುದಕ್ಕೂ ಜಗ್ಗದೆ ಮರಳಾಗಿ ಉಳಿಯುತ್ತದೆ.

ನಿಮ್ಮ ಧರೆಯ ಪುಡಿಗಲ್ಲು ಈ ದಾರಿಯ ಮಧ್ಯದಲ್ಲಿದೆ. ಪಟ್ಟೆ ಹಾಗೇ ಇದೆ, ಆದರೆ ಪಟ್ಟೆಯೊಳಗಿನ ಫೆಲ್ಡ್‌ಸ್ಪಾರ್ ಬಹುಮಟ್ಟಿಗೆ ಜೇಡಿಯಾಗಿದೆ. ಅದಕ್ಕೇ ರವೆ ಉಂಡೆಯ ಹಾಗೆ ಉದುರುತ್ತದೆ. ಗುಂಡು ಕಲ್ಲುಗಳೂ ಎಲ್ಲಿಂದಲೋ ಉರುಳಿ ಬಂದವಲ್ಲ. ಬಂಡೆ ಮೊದಲು ಚೌಕಚೌಕವಾಗಿ ಬಿರಿದಿರುತ್ತದೆ. ಬಿರುಕಿನಲ್ಲಿ ನೀರು ಇಳಿದಾಗ ಮೂಲೆಗಳಿಗೆ ಮೂರು ಕಡೆಯಿಂದ ಏಟು ಬೀಳುತ್ತದೆ, ಮುಖಕ್ಕೆ ಒಂದೇ ಕಡೆಯಿಂದ. ಮೂಲೆ ಸವೆದು ಸವೆದು ಚೌಕ ಗುಂಡಗಾಗುತ್ತದೆ. ಒಂದನ್ನು ಹತ್ತಿರದಿಂದ ನೋಡಿ, ಸುತ್ತ ಈರುಳ್ಳಿ ಸಿಪ್ಪೆಯ ಹಾಗೆ ಪದರ ಕಾಣಬಹುದು.

ಈಗ ಒಂದು ಕೆಲಸ ಮಾಡಿ. ಧರೆಯ ಮೇಲಿನ ಕಪ್ಪು ಮಣ್ಣಿನ ಒಂದು ಹೆಂಟೆ, ಕೆಳಗಿನ ಪುಡಿಗಲ್ಲಿನ ಒಂದು ಹೆಂಟೆ ತಂದು ಒಲೆ ಪಕ್ಕ ಒಣಗಿಸಿ. ನಿಂಬೆಹಣ್ಣಿನ ಗಾತ್ರ ಸಾಕು. ಎರಡು ಗಾಜಿನ ಲೋಟದಲ್ಲಿ ನೀರು ಇಟ್ಟು ಮೆಲ್ಲಗೆ ಒಳಗೆ ಬಿಡಿ. ಕಲಕಬೇಡಿ, ಸುಮ್ನೆ ನೋಡುತ್ತಾ ಕೂತುಕೊಳ್ಳಿ. ಇದನ್ನು ನಾನು ಪ್ರತಿ ವರ್ಷ ಎಂಟನೇ ತರಗತಿಯಲ್ಲಿ ಮಾಡಿಸುತ್ತಿದ್ದೆ. ಮಕ್ಕಳು ತಮ್ಮ ತಮ್ಮ ಹೊಲದ ಹೆಂಟೆ ತರುತ್ತಿದ್ದರು. ಸೊಪ್ಪು ಗೊಬ್ಬರ ತಿಂದ ಮಣ್ಣು ಗುಳ್ಳೆ ಬಿಡುತ್ತಾ ಹಾಗೇ ಕೂತಿರುತ್ತಿತ್ತು. ಬರಿ ಗರಸು ಎರಡು ನಿಮಿಷಕ್ಕೆ ಕುಸಿದು ಗಂಜಿಯಾಗುತ್ತಿತ್ತು. ತನ್ನ ಹೊಲದ ಹೆಂಟೆ ಕರಗಿತು ಅಂತ ಒಬ್ಬ ಹುಡುಗ ಅತ್ತಿದ್ದ. ಅವನಿಗೆ ಮಾರನೆಯ ದಿನ ಅವರ ಕೊಟ್ಟಿಗೆ ಹಿಂದಿನ ಮಣ್ಣು ತರಲು ಹೇಳಿದೆ. ಅದು ಸಂಜೆಯವರೆಗೂ ಕರಗಲಿಲ್ಲ.

ಹೆಂಟೆ ನೀರಲ್ಲಿ ಕರಗದ ಹಾಗೆ ಹಿಡಿದಿಡುವುದು ಒಂದು ಅಂಟು. ಪುಡಿಗಲ್ಲಿನಲ್ಲಿ ಇಲ್ಲದ್ದು ಅದೇ. ಎಲೆ, ಬೇರು ಕೊಳೆತು, ಎರೆಹುಳು ತಿಂದು ಹೊರಹಾಕಿ ಆಗುವ ಅಂಟು. ಸಾರಜನಕವೂ ಅದರಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದು ಬರಬೇಕಾದದ್ದು ಗಾಳಿಯಿಂದ, ಹಾಲುವಾಣದಂಥ ಗಿಡದ ಬೇರಿನ ಗಂಟುಗಳ ಮೂಲಕ. ಆದ್ದರಿಂದ ಗಿಡದ ಬುಡಕ್ಕೆ ಇದನ್ನೇ ತುಂಬಬೇಡಿ. ಮುಂದಿನ ಮಳೆಗೆ ಅದೇ ಮೊದಲು ಹೋಗುತ್ತದೆ.

ಎಷ್ಟು ವರ್ಷ ಅಂತ ಕೇಳಿದ್ದೀರಿ. ಬಂಡೆಯಿಂದ ಹೊಸದಾಗಿ ಒಂದು ಇಂಚು ಮೇಲ್ಮಣ್ಣು ಆಗಲು ನೂರಾರು ವರ್ಷ ಬೇಕು. ಹೋಗಲು ಎಷ್ಟು ಹೊತ್ತು ಅನ್ನುವುದನ್ನು ಜೂನ್‌ನಲ್ಲಿ ನೀವೇ ನೋಡಿದಿರಿ. ಒಂದು ಎಕರೆಯ ಮೇಲಿಂದ ಬರೀ ಒಂದು ಮಿಲಿಮೀಟರ್ ಮಣ್ಣು ಹೋದರೂ ಸುಮಾರು 5 ಟನ್ ಆಯಿತು. ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಆದರೆ ನಿಮ್ಮ ಪುಡಿಗಲ್ಲಿನಲ್ಲಿ ಕಲ್ಲು ಕರಗುವ ಕೆಲಸ ಅರ್ಧ ಮುಗಿದಿದೆ. ಅದಕ್ಕೆ ಜೀವ ತುಂಬಲು ನೂರಾರು ವರ್ಷ ಬೇಡ. ಕಣದ ಅಂಚಿನಲ್ಲಿ ಹರಡಿರುವ ಕಡೆ ಹುರುಳಿ, ಅಲಸಂದೆ ಚೆಲ್ಲಿ, ಹೂವಿಗೆ ಬಂದಾಗ ಅಲ್ಲೇ ಮಲಗಿಸಿ, ಸಗಣಿ ಗೊಬ್ಬರ ಕೊಡುತ್ತಾ ಹೋದರೆ ನಾಲ್ಕೈದು ವರ್ಷದಲ್ಲಿ ಅದರ ಬಣ್ಣವೇ ಬದಲಾಗುತ್ತದೆ. ಮಣ್ಣು ಪರೀಕ್ಷೆ ಮಾಡಿಸದೆ ಸುಣ್ಣ ಹಾಕಬೇಡಿ. ನಿಮ್ಮ ಕಡೆ ಜಾಸ್ತಿ ಮಳೆಗೆ ಸುಣ್ಣ ತೊಳೆದುಹೋಗಿ ಮಣ್ಣು ಹುಳಿಯಾಗಿರುವುದೇ ಹೆಚ್ಚು, ಆದರೂ ಎಷ್ಟು ಬೇಕು ಅನ್ನುವುದು ಗೊತ್ತಾಗಬೇಕಲ್ಲ. ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಇದೆ, ಅವರನ್ನು ಕೇಳಿ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ ಇನ್ನು ಹೇಳುತ್ತೇನೆ. ಶ್ರವಣಬೆಳಗೊಳದ ದೊಡ್ಡಬೆಟ್ಟ ಹತ್ತಿದ್ದೀರಿ ಅಲ್ವಾ? ಬರಿ ಬಂಡೆ. ಮೇಲೆ ಗೊಮ್ಮಟ 981ರಿಂದ ಮಳೆ ಬಿಸಿಲಿಗೆ ನಿಂತಿದ್ದಾನೆ. ಸಾವಿರ ವರ್ಷ ದಾಟಿದರೂ ಬೆರಳಿನ ಉಗುರು ಕಾಣುತ್ತದೆ. ನಿಮ್ಮ ತೋಟದ ಅಡಿಯಲ್ಲಿ ಗಟ್ಟಿ ಬಂಡೆಯೇ ಕೊಳೆತು ಪುಡಿಯಾಗಿದೆ. ಇದಕ್ಕೆ ಮಳೆಯ ವ್ಯತ್ಯಾಸ ಒಂದು ಕಾರಣ. ಇನ್ನೊಂದು ಕಾರಣ ಹೊದಿಕೆ. ಬೋಳು ಬಂಡೆಯ ಮೇಲೆ ಬಿದ್ದ ನೀರು ಜಾರಿ ಹೋಗುತ್ತದೆ, ಅರ್ಧ ಗಂಟೆಗೆ ಬಂಡೆ ಒಣಗುತ್ತದೆ. ಅಲ್ಲಿ ಕೆಲಸ ಮಾಡಲು ಕಲ್ಲುಹೂವು ಒಂದೇ, ಅದೂ ಹನಿ ಹುಳಿ ಒಸರುತ್ತಾ. ಮಣ್ಣಿನ ಅಡಿಗಿರುವ ಬಂಡೆಗೆ ಹಾಗಲ್ಲ, ವರ್ಷವಿಡೀ ತೇವ ತಾಗಿರುತ್ತದೆ. ಹುಳಿ ನೀರು ಬಿಡದೆ ಕಚ್ಚಿಕೊಂಡಿರುತ್ತದೆ. ಮಣ್ಣೇ ಕೆಳಗಿನ ಕಲ್ಲನ್ನು ಮಣ್ಣು ಮಾಡುತ್ತಿರುತ್ತದೆ. ಮೇಲಿನದು ತೊಳೆದುಹೋಗಿ ಬಂಡೆ ಬೋಳಾಯಿತೋ, ಹೊಸ ಮಣ್ಣು ಹುಟ್ಟುವುದೂ ಹೆಚ್ಚುಕಮ್ಮಿ ನಿಂತಂತೆ. ಇದನ್ನು ಯೋಚಿಸಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನೆರಳಿನ ಮರ ಇದೆಯಲ್ಲ ಅಂತ ಮೈಮರೆಯಬೇಡಿ. ದೊಡ್ಡ ಮಳೆಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ನೆಲಕ್ಕೆ ಬಡಿಯುತ್ತದೆ. ಸಿಲ್ವರ್ ಓಕ್‌ನಂಥ ಎತ್ತರದ ಮರದಲ್ಲಿ ಎಲೆಯ ಮೇಲೆ ಸಣ್ಣ ಹನಿಗಳು ಸೇರಿ ದಪ್ಪ ಹನಿಯಾಗಿ ಬೀಳುತ್ತವೆ. ಮೂವತ್ತು ಅಡಿ ಮೇಲಿಂದ ಬೀಳುವಷ್ಟರಲ್ಲಿ ಕಳೆದ ವೇಗ ಬಹುಪಾಲು ಮತ್ತೆ ಬಂದಿರುತ್ತದೆ. ಮಣ್ಣನ್ನು ಕಾಯುವುದು ನೆಲದ ಮೇಲಿನ ದರಗು. ಬಾಳೂರಿನವರು ಹೇಳಿದ್ದು ನೂರಕ್ಕೆ ನೂರು ಸರಿ.

ರಾಗಿ ಹೊಲ ಅರಸೀಕೆರೆ, ಜುಲೈ 11

ಮೇಷ್ಟ್ರ ಮಾತು ಓದಿ ಖುಷಿಯಾಯಿತು. ನಮ್ಮ ಕಡೆ ನಿಮ್ಮ ಮಳೆಯ ಮೂರನೇ ಒಂದು ಭಾಗ ಬಂದರೆ ಹೆಚ್ಚು. ಆದರೆ ಬಂದಾಗ ಒಂದೇ ಸಂಜೆಗೆ ಸುರಿದು ಹೋಗುತ್ತದೆ, ಉತ್ತ ಹೊಲ ಕೆರೆ ಸೇರುತ್ತದೆ. ಹಾಗಾಗಿ ಮಣ್ಣು ಕಳೆದುಕೊಳ್ಳುವುದು ನಮಗೂ ಗೊತ್ತು.

ತೊಟ್ಟಿಲು ಗುಂಡಿಯಾಗಲಿ ಬದುವಾಗಲಿ, ದಯವಿಟ್ಟು ಕಣ್ಣಂದಾಜಿನಲ್ಲಿ ತೆಗೆಸಬೇಡಿ. ನಾವು ಹಾಗೆ ಮಾಡಿಸಿ ಅನುಭವಿಸಿದ್ದೇವೆ. ಬದು ಒಂದು ತುದಿಯಲ್ಲಿ ಒಂದು ಗೇಣು ತಗ್ಗಿತ್ತು. ನೀರೆಲ್ಲ ಅಲ್ಲಿಗೇ ಓಡಿ ಬದು ಒಡೆಯಿತು. ಬದು ಇಲ್ಲದಿದ್ದರೆ ಹೋಗುತ್ತಿದ್ದುದಕ್ಕಿಂತ ಜಾಸ್ತಿ ಮಣ್ಣು ಆ ಒಂದು ಕೊರಕಲಿನಲ್ಲಿ ಹೋಯಿತು.

ಆಮೇಲೆ ಕಲಿತದ್ದು ಇದು. 7 ಅಡಿಯ ಎರಡು ನೇರ ಬಿದಿರು ಗಳ ತಗೊಳ್ಳಿ. ತುದಿಯಲ್ಲಿ ಕಟ್ಟಿ ಕಾಲು ಅಗಲಿಸಿ ನಿಲ್ಲಿಸಿ. ಮಧ್ಯಕ್ಕೆ ಅಡ್ಡ ಒಂದು ಗಳ ಕಟ್ಟಿ. ತುದಿಯಿಂದ ದಾರ ಇಳಿಬಿಟ್ಟು ಕೆಳಗೆ ಒಂದು ಕಲ್ಲು ಕಟ್ಟಿ. ದಾರ ಅಡ್ಡಗಳವನ್ನು ದಾಟಿ ಇಳಿಯಬೇಕು. ಈಗ ಎರಡು ಕಾಲು ಊರಿದ ಜಾಗಕ್ಕೆ ಗೂಟ ಹೊಡೆದು, ದಾರ ಅಡ್ಡಗಳಕ್ಕೆ ತಾಗುವಲ್ಲಿ ಇದ್ದಿಲಿನ ಗುರುತು ಹಾಕಿ. ಕಾಲುಗಳನ್ನು ಅದಲುಬದಲು ಮಾಡಿ ಅವೇ ಗೂಟಗಳ ಹತ್ತಿರ ಊರಿ, ಮತ್ತೊಂದು ಗುರುತು. ಎರಡು ಗುರುತಿನ ನಟ್ಟನಡುವೆ ಮೂರನೆಯದು ಹಾಕಿ. ದಾರ ಆ ಮೂರನೆಯ ಗುರುತಿಗೆ ಬಂದಾಗ ಎರಡೂ ಕಾಲು ಸಮಮಟ್ಟದಲ್ಲಿವೆ ಅಂತ ಅರ್ಥ. ಹೀಗೆ ಒಂದು ಕಾಲು ಊರಿ ಇನ್ನೊಂದನ್ನು ತಿರುಗಿಸುತ್ತಾ ಇಳಿಜಾರಿನ ಅಡ್ಡಕ್ಕೆ ನಡೆಯುತ್ತಾ ಹೋಗಿ, ಪ್ರತಿ ಹೆಜ್ಜೆಗೂ ಗೂಟ. ಗಾಳಿ ಇದ್ದಾಗ ಮಾಡಬೇಡಿ, ದಾರ ಆಡುತ್ತದೆ.

ನಾನು, ನನ್ನ ಅತ್ತೆ ಇಬ್ಬರೇ ಒಂದು ಬೆಳಿಗ್ಗೆಯಲ್ಲಿ ಒಂದು ಎಕರೆ ಗುರುತು ಮಾಡಿದೆವು. ಬದುವಿನ ಮೇಲೆ ಲಾವಂಚ ಒತ್ತೊತ್ತಾಗಿ ನೆಟ್ಟಿದ್ದೇವೆ. ಬೇರು ನೇರ ಕೆಳಗಿಳಿಯುತ್ತದೆ, ಪಕ್ಕದ ಬೆಳೆಗೆ ಕಾಟ ಇಲ್ಲ. ದನ ಒಣಗಿದ ಎಲೆ ಮುಟ್ಟುವುದಿಲ್ಲ. ಗುಂಡ್ಲುಪೇಟೆ ಕಡೆ ರೈತರು ಬಹಳ ಹಿಂದಿನಿಂದ ಹೊಲದ ಗಡಿಗೆ ಇದನ್ನೇ ನೆಡುತ್ತಾ ಬಂದಿದ್ದಾರೆ.

ಕಳಸ ದಾರಿ, ಜುಲೈ 11

ಒಂದು ಎಚ್ಚರಿಕೆ ಕೊಡಲೇಬೇಕು. ಎಲ್ಲರೂ ನೀರು ಇಂಗಿಸಿ ಅನ್ನುತ್ತಿದ್ದೀರಿ. ಇವರ ಧರೆಯ ಮೇಲ್ಭಾಗದಲ್ಲಿ ಮಾತ್ರ ಅದು ಬೇಡ. 12 ಅಡಿ ನೆಟ್ಟಗೆ ಕಡಿದ ಧರೆ. ಒಳಗೆ ಇರುವುದು ಕೊಳೆತ ಕಲ್ಲು. ಅದರ ತಲೆಯ ಮೇಲೆ ಗುಂಡಿ ತೆಗೆದು ನೀರು ನಿಲ್ಲಿಸಿದರೆ ಆ ನೀರು ಇಳಿದು ಗಟ್ಟಿ ಬಂಡೆಯ ಮೇಲೆ ನಿಲ್ಲುತ್ತದೆ. ಮೇಲಿನ ಭಾರ, ಕೆಳಗೆ ಜಾರಿಕೆ. ಧರೆ ಒಟ್ಟಿಗೇ ಬರುತ್ತದೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಹೇಗೆ ಜಾರಿತು ಅನ್ನುವುದನ್ನು ಆ ವಾರವೇ ಹೋಗಿ ನೋಡಿದ್ದೇನೆ. ಮರ ನಿಂತ ಹಾಗೇ ತೋಟ ಕೆಳಗೆ ಬಂದಿತ್ತು.

ಧರೆಯ ಅಂಚಿನಿಂದ ಹತ್ತು ಹದಿನೈದು ಅಡಿ ಮೇಲೆ ಒಂದು ಕಾಲುವೆ ತೆಗೆಯಿರಿ. ಅದು ಸಮಮಟ್ಟ ಇರಬಾರದು, ಒಂದು ಕಡೆಗೆ ಸ್ವಲ್ಪ ವಾಟ ಇರಬೇಕು. ಮೇಲಿನಿಂದ ಬರುವ ನೀರು ಪಕ್ಕಕ್ಕೆ ಹೋಗಿ ಕಲ್ಲು ಹಾಸಿದ ಜಾಗದಲ್ಲಿ ಹಳ್ಳಕ್ಕೆ ಇಳಿಯಲಿ. ಧರೆಯ ಬುಡಕ್ಕೆ ಕಲ್ಲು ಕಟ್ಟುವುದಾದರೆ ಸಿಮೆಂಟಿನಿಂದ ಪೂರ್ತಿ ಮುಚ್ಚಬೇಡಿ, ನೀರು ಹೊರಬರಲು ತೂತು ಬಿಡಿ. ಧರೆಯ ಮೇಲೆ ಬಿರುಕು ಕಂಡರೆ ಆ ರಾತ್ರಿ ಮನೆಯ ಹಿಂದಿನ ಕೋಣೆಯಲ್ಲಿ ಯಾರೂ ಮಲಗಬೇಡಿ.

ಗೊರೂರು ಮೇಷ್ಟ್ರು, ಜುಲೈ 11

ಕಳಸದವರಿಗೆ ಕೃತಜ್ಞತೆ. ಇದನ್ನು ನಾನೇ ಹೇಳಬೇಕಿತ್ತು, ಬಿಟ್ಟದ್ದು ನನ್ನ ತಪ್ಪು. ಕಣದ ಕೆಳಗಿನ ತೋಟದಲ್ಲಿ ನೀರು ನಿಲ್ಲಿಸಿ, ಧರೆಯ ಮೇಲ್ಭಾಗದಲ್ಲಿ ನೀರನ್ನು ಪಕ್ಕಕ್ಕೆ ದಾಟಿಸಿ. ಯಸಳೂರಿನವರೇ, ಮೊದಲು ಆ ಕಾಲುವೆ ಮಾಡಿಸಿ. ಲೋಟದ ಪರೀಕ್ಷೆ ಒಂದು ವಾರ ತಡವಾದರೂ ಪರವಾಗಿಲ್ಲ.

ಯಸಳೂರು ತೋಟ, ಸೆಪ್ಟೆಂಬರ್ 28

ಎಲ್ಲರೂ ಕ್ಷಮಿಸಿ, ಬರೆಯಲು ತಡವಾಯಿತು. ಕಾಲುವೆಯನ್ನು ಜುಲೈನಲ್ಲೇ ತೆಗೆಸಿದೆ. ಮಳೆಯಲ್ಲೇ ಮೂವರು ಎರಡು ದಿನ ಕೆಲಸ ಮಾಡಿದರು. ಧರೆಯ ಒಂದು ಮೂಲೆ ಆಗಸ್ಟ್‌ನಲ್ಲಿ ಸ್ವಲ್ಪ ಉದುರಿತು, ಮಿಕ್ಕದ್ದು ನಿಂತಿದೆ. ಬಿರುಕು ಇದೆಯಾ ಅಂತ ಅಮ್ಮ ದಿನಾ ಬೆಳಿಗ್ಗೆ ಛತ್ರಿ ಹಿಡಿದು ನೋಡಿ ಬರುತ್ತಿದ್ದರು.

ಲೋಟದ ಪರೀಕ್ಷೆ ಮಾಡಿದೆ. ಪುಡಿಗಲ್ಲು ನಾನು ಕುರ್ಚಿ ಎಳೆದುಕೊಂಡು ಕೂರುವಷ್ಟರಲ್ಲಿ ಕುಸಿಯಿತು. ಕಪ್ಪು ಮಣ್ಣು ಮಾರನೆಯ ಬೆಳಿಗ್ಗೆಯೂ ಹಾಗೇ ಇತ್ತು, ಅಂಚು ಮಾತ್ರ ಸವೆದಿತ್ತು. ಆ ಲೋಟವನ್ನು ಚೆಲ್ಲಲು ಮನಸ್ಸಾಗದೆ ಮೂರು ದಿನ ಕಿಟಕಿಯಲ್ಲಿಟ್ಟಿದ್ದೆ.

200 ಗಿಡದಲ್ಲಿ 31 ಹೋದವು. ಉಳಿದವಕ್ಕೆ ದರಗು ಹೊದಿಸಿದ ಮೇಲೆ ಬುಡ ಕೊಚ್ಚಲಿಲ್ಲ.

ಮುಖ್ಯವಾಗಿ ಹೇಳಬೇಕಾದದ್ದು ಬೇರೆ. ಹೋದ ವಾರ ಮಳೆ ಬಿಡುವು ಕೊಟ್ಟಿತು. ಬಿದಿರಿನ ಗಳ ಕಟ್ಟಿಕೊಂಡು ಕೆಳಗಿನ ಹಳೆಯ ತೋಟದಲ್ಲಿ ಗೂಟ ಹೊಡೆಯುತ್ತಾ ಹೋದೆ. ನಾಲ್ಕನೇ ಸಾಲಿನಲ್ಲಿ ಗೂಟ ಸಲೀಸಾಗಿ ಒಂದು ಅಡಿ ಇಳಿಯಿತು. ಮುಂದಿನದೂ ಹಾಗೇ. ಕೆಲಸಕ್ಕೆ ಬರುವ ಅಜ್ಜ ನೋಡಿ, ಅದು ನಿಮ್ಮಪ್ಪ ತೆಗೆಸಿದ ತೊಟ್ಟಿಲು ಗುಂಡಿ, ತುಂಬಿಹೋಗಿದೆ ಅಂದರು. ನಾನು ಅವನ್ನು ಸುಮ್ನೆ ತಗ್ಗು ಅಂದುಕೊಂಡು ಎರಡು ವರ್ಷ ಅದರ ಮೇಲೆ ಓಡಾಡಿದ್ದೆ. ಅಪ್ಪ ಪ್ರತಿ ವರ್ಷ ಅದನ್ನು ಖಾಲಿ ಮಾಡಿಸಿ ಮಣ್ಣನ್ನು ಮೇಲಿನ ಸಾಲಿಗೆ ಹಾಕಿಸುತ್ತಿದ್ದರಂತೆ. ದಾರವನ್ನು ಪರೀಕ್ಷೆ ಮಾಡಿ ನೋಡಿದೆ. ಅಪ್ಪನ ಗುಂಡಿಗಳ ಸಾಲು ನಾನು ಹೊಡೆದ ಗೂಟದ ಸಾಲಿಗೆ ಹೆಚ್ಚುಕಮ್ಮಿ ಸರಿಯಾಗಿ ಕೂತಿತ್ತು.

ಒಂದು ಗುಂಡಿ ಬಿಡಿಸಿದೆವು. ಮೇಲೆ ಈ ವರ್ಷದ ಕೆಂಪು, ಕಾಗೆಬಂಗಾರ ಮಿನುಗುವ ಮಣ್ಣು. ನಮ್ಮ ಕಣದ್ದೇ. ಅದರ ಕೆಳಗೆ ಕಪ್ಪು, ಮೆತ್ತನೆ, ಎರೆಹುಳು ತುಂಬಿದ ಮಣ್ಣು. ಹಳ್ಳಕ್ಕೆ ಹೋಯಿತು ಅಂದುಕೊಂಡಿದ್ದರಲ್ಲಿ ಒಂದಷ್ಟು ಇಲ್ಲೇ ಇತ್ತು. ಕೆಂಪನ್ನು ಕಣದ ಅಂಚಿಗೆ, ಹುರುಳಿ ಚೆಲ್ಲುವ ಕಡೆ ಹಾಕಿದೆವು. ಕಪ್ಪನ್ನು ಎಳೆ ಗಿಡಗಳ ಬುಡಕ್ಕೆ.

ಇಲ್ಲಿಯವರೆಗೆ 41 ಗುಂಡಿ ಸಿಕ್ಕಿವೆ. ಇವತ್ತಿಗೆ 11 ಬಿಡಿಸಿದ್ದೇವೆ. ನಾಳೆ ಮಳೆ ಬಿಟ್ಟರೆ ಹನ್ನೆರಡನೆಯದರಿಂದ ಶುರು ಮಾಡುತ್ತೇವೆ.